ಟೆಕ್ಸಸ್‌ನ ಗ್ಯಾಸ್ ಬಾವಿಗಳ ಲೆಕ್ಕ ರೈಲಿನ ಕಚೇರಿಗೆ ಬಂದದ್ದು ಹೇಗೆ?

ಡಲ್ಲಾಸ್, ಫೋರ್ಟ್ ವರ್ತ್ ಕಡೆ ಮನೆ ಕೊಳ್ಳುವ ನಮ್ಮವರು ಶಾಲೆ ಹೇಗಿದೆ, ಆಫೀಸು ಎಷ್ಟು ದೂರ ಅಂತ ವಿಚಾರಿಸುತ್ತಾರೆ. ಮನೆ ಕೆಳಗೆ ಗ್ಯಾಸ್ ಬಾವಿ ಹಾದಿದೆಯಾ ಅಂತ ಕೇಳುವವರು ಕಮ್ಮಿ. ಉತ್ತರ ಸರ್ಕಾರದ ದಾಖಲೆಯಲ್ಲಿದೆ, ಯಾರು ಬೇಕಾದರೂ ನೋಡಬಹುದು. ಆದರೆ ಅದನ್ನು ಇಟ್ಟುಕೊಂಡಿರುವ ಕಚೇರಿಯ ಹೆಸರು ರೈಲ್‌ರೋಡ್ ಕಮಿಷನ್!

1891ರಲ್ಲಿ ರೈಲುಗಳ ಉಸ್ತುವಾರಿಗೆಂದೇ ಹುಟ್ಟಿದ ಈ ಕಚೇರಿಗೆ 1919ರಲ್ಲಿ ಎಣ್ಣೆ, ಗ್ಯಾಸ್ ಬಾವಿಗಳ ಹೊಣೆ ಬಂತು. 2005ರಲ್ಲಿ ರೈಲಿನ ಕೆಲಸ ಪೂರ್ತಿ ಹೋಯಿತು, ಹೆಸರು ಉಳಿಯಿತು. ನಡುವೆ 1930ರಲ್ಲಿ ಪೂರ್ವ ಟೆಕ್ಸಸ್‌ನಲ್ಲಿ ಭಾರಿ ಎಣ್ಣೆ ಸಿಕ್ಕಿ, ಎಲ್ಲರೂ ಎತ್ತಿದ್ದೇ ಎತ್ತಿದ್ದು. ಬೆಲೆ ನೆಲಕಚ್ಚಿತು. ಮರುವರ್ಷ ಬಾವಿ ಮುಚ್ಚಿಸಲು ಗವರ್ನರ್ ಸೈನ್ಯವನ್ನೇ ಕಳಿಸಿದರು. ಯಾರು ಎಷ್ಟು ಎತ್ತಬೇಕು ಎಂದು ಪಾಲು ಹಾಕುವುದು ಕಮಿಷನ್ನಿನ ದೊಡ್ಡ ಕೆಲಸವಾಯಿತು. ಕಮಿಷನ್ನಿನ ಬಾವಿ ಕಾಗದಗಳೆಲ್ಲ ಈ ಎಣ್ಣೆ ಲೆಕ್ಕಕ್ಕೆ ಬೆಳೆದವು. ಅಕ್ಕಪಕ್ಕದಲ್ಲಿ ಬದುಕುವವರು ಓದುತ್ತಾರೆ ಅಂತ ಯಾರೂ ಎಣಿಸಿರಲಿಲ್ಲ.

2000ದ ನಂತರ ಬಾರ್ನೆಟ್ ಶೇಲ್ ಎಂಬ ನೆಲದಾಳದ ಕಲ್ಲುಪದರದ ಗ್ಯಾಸ್‌ಗಾಗಿ ಫೋರ್ಟ್ ವರ್ತ್, ಆರ್ಲಿಂಗ್ಟನ್ ಊರೊಳಗೇ ಕೊರೆಯತೊಡಗಿದಾಗ ಕಷ್ಟ ಶುರುವಾಯಿತು. ಕಮಿಷನ್ನಿನ ಆನ್‌ಲೈನ್ ನಕ್ಷೆ ತೆಗೆದರೆ ಬೀದಿಗಳ ಮೇಲೆ ಚುಕ್ಕೆಗಳು. ಕೆಲವು ಚುಕ್ಕೆಯಿಂದ ಸಣ್ಣ ಗೆರೆ ಹೊರಟು ಎಷ್ಟೋ ಮನೆಗಳನ್ನು ದಾಟುತ್ತದೆ. ಅದು ಅಡ್ಡ ಕೊರೆದ ಬಾವಿ. ಬಾಯಿ ಎಲ್ಲೋ, ತುದಿ ಇನ್ನೆಲ್ಲೋ. ಚುಕ್ಕೆ ಒತ್ತಿದರೆ 42-439 ಎಂದು ಶುರುವಾಗುವ ನಂಬರ್ ಸಿಗಬಹುದು: 42 ಟೆಕ್ಸಸ್, 439 ಫೋರ್ಟ್ ವರ್ತ್ ಇರುವ ಟ್ಯಾರಂಟ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ). ಅದೇ ನಂಬರ್ ಹಿಡಿದು ಕಾಗದ ಹುಡುಕಬೇಕು. ಡಬ್ಲ್ಯು-1 ಕೊರೆಯಲು ಅನುಮತಿ, ಡಬ್ಲ್ಯು-3 ಬಾವಿ ಮುಚ್ಚಿದ ವರದಿ. ಅನುಮತಿ ಇದ್ದ ಮಾತ್ರಕ್ಕೆ ಕೊರೆದಿದ್ದಾರೆ ಎಂದಲ್ಲ. ಮುಚ್ಚಿದ ಕಾಗದ ಕಾಣಲಿಲ್ಲ ಎಂದರೆ ಬಾವಿ ತೆರೆದೇ ಇದೆ ಎಂದೂ ಅಲ್ಲ, ಹಳೆಯ ಕಡತ ಮೈಕ್ರೋಫಿಲ್ಮ್‌ನಲ್ಲಿ ಇರಬಹುದು. ನೆಲದಡಿಯ ಎಣ್ಣೆ, ಗ್ಯಾಸ್ ಹಕ್ಕು ಯಾರದು ಎನ್ನುವುದಂತೂ ಇಲ್ಲಿಲ್ಲ. ಅದಕ್ಕೆ ಕೌಂಟಿ ಕಚೇರಿಯ ಕ್ರಯಪತ್ರಗಳನ್ನೇ ತಿರುವಬೇಕು. ದುಡಿದು ಸುಸ್ತಾದ ಸಂಸಾರಸ್ಥರು ಇಷ್ಟೆಲ್ಲ ಮಾಡಲಿ ಎನ್ನುವುದು ಜಾಸ್ತಿಯೇ ಆಯಿತು, ಅಲ್ವಾ? ಮನೆ ಮಾರುವ ದಿನವೇ ಈ ನಕ್ಷೆ ಕೈಗೆ ಸಿಗಬೇಕಿತ್ತು.

2014ರ ನವೆಂಬರ್‌ನಲ್ಲಿ ಹತ್ತಿರದ ಡೆಂಟನ್ ಊರಿನ ಜನ ವೋಟು ಹಾಕಿ ಊರೊಳಗೆ ಫ್ರ್ಯಾಕಿಂಗ್ (ಒತ್ತಡದ ನೀರಿನಿಂದ ಕಲ್ಲು ಬಿರಿಸಿ ಗ್ಯಾಸ್ ತೆಗೆಯುವುದು) ನಿಲ್ಲಿಸಿದರು. 2015ರ ಮೇ ತಿಂಗಳಲ್ಲಿ ಬಂದ ರಾಜ್ಯದ ಕಾನೂನು ಆ ಅಧಿಕಾರ ಕಿತ್ತುಕೊಂಡಿತು. ಅಲ್ಲಿಂದೀಚೆಗೆ ಊರಿನವರ ಕೈಯಲ್ಲಿ ಉಳಿದಿರುವುದು ಹೆಚ್ಚಾಗಿ ಈ ಕಾಗದಗಳೇ. ಬಾವಿಯ ಗೇಟಿಗೆ ತೂಗುಹಾಕಿದ ಬೋರ್ಡಿನಲ್ಲಿ ಲೀಸ್ (ಬಾವಿಯ ಗುತ್ತಿಗೆ) ಹೆಸರು, ಕಂಪನಿ ಹೆಸರು ಇರುತ್ತದೆ. ವಾಕಿಂಗ್ ಹೋದಾಗ ಅದನ್ನು ಬರೆದುಕೊಂಡು ಬಂದರೆ ಹುಡುಕಲು ಅಷ್ಟು ಸಾಕು.