ಕ್ಯಾಲಿಬರ್: ಬಂದೂಕಿನ ಬಾಯಿ ಎಷ್ಟು ಅಗಲ?

ವಿಜಯಪುರದ ಮಲಿಕ್-ಎ-ಮೈದಾನ್ ತೋಪು ನೋಡಿದವರಿಗೆ ಕ್ಯಾಲಿಬರ್ ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಸುಮಾರು 70 ಸೆಂ.ಮೀ. ಅಗಲದ ಅದರ ಬಾಯಿ ಇದೆಯಲ್ಲ, ಅದೇ ಕ್ಯಾಲಿಬರ್. ನಳಿಕೆಯ ಒಳಗಿನ ಅಗಲ, ಅಷ್ಟೇ. ಅಚ್ಚು ಎಂಬ ಅರ್ಥದ ಅರಬ್ಬಿ ಪದ 'ಖಾಲಿಬ್' ಇದರ ಮೂಲ ಎನ್ನುತ್ತಾರೆ.

1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಆ ತೋಪಿನ ತೂಕ ಸುಮಾರು 55 ಟನ್. ಬಾಯಿ ದೊಡ್ಡದಾದರೆ ಗುಂಡು ದೊಡ್ಡದು, ಮದ್ದು ಜಾಸ್ತಿ, ಎಳೆಯಲು ಎತ್ತುಗಳೂ ಜಾಸ್ತಿ. ಇವತ್ತಿನ ರೈಫಲ್‌ಗೂ ಇದೇ ಲೆಕ್ಕ. ಭಾರ ಮಾತ್ರ ಸಿಪಾಯಿಯ ಬೆನ್ನಿಗೆ ಬೀಳುತ್ತದೆ.

ಗುಂಡಿನ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆ ಇರುತ್ತವೆ. 5.56×45 ಎಂದರೆ ಕ್ಯಾಲಿಬರ್ 5.56 ಮಿ.ಮೀ., ಮದ್ದು ತುಂಬಿದ ಹಿತ್ತಾಳೆ ಕೇಸಿನ ಉದ್ದ 45 ಮಿ.ಮೀ. ಎರಡನೆಯ ಸಂಖ್ಯೆಯನ್ನು ಬಹಳ ಜನ ಗಮನಿಸುವುದೇ ಇಲ್ಲ. ನಮ್ಮ ಸೇನೆಯ ಎಕೆ-203 ಮತ್ತು ಸಿಗ್ 716 ಎರಡೂ '7.62' ರೈಫಲ್‌ಗಳೇ. ಆದರೆ ಮೊದಲನೆಯದರ ಕೇಸು 39 ಮಿ.ಮೀ., ಎರಡನೆಯದರದು 51. ಒಂದರ ಗುಂಡು ಇನ್ನೊಂದಕ್ಕೆ ನಡೆಯುವುದಿಲ್ಲ. ಗಡಿಯ ಠಾಣೆಗೆ ತಪ್ಪು ಪೆಟ್ಟಿಗೆ ಹೋದರೆ ಕೈಯಲ್ಲಿರುವ ಬಂದೂಕು ಬರೀ ಕೋಲು.

ರಜೆಗೆ ಬಂದಿದ್ದ ನಮ್ಮಣ್ಣನ ಮಗ ಒಂದು ಮಾತು ಹೇಳಿದ. "ಕಾಕಾ, ಬಂದೂಕಿನ ಭಾರ ತಡ್ಕೋಬಹುದು. ಗುಂಡಿನ ಭಾರ ಗುಡ್ಡ ಹತ್ತೂಮುಂದ ಗೊತ್ತಾಗ್ತದ." ಲೆಕ್ಕ ಹಾಕಿ ನೋಡಿದೆ. 5.56ರ ಒಂದು ಗುಂಡು, ಕೇಸು ಮದ್ದು ಎಲ್ಲ ಸೇರಿ, ಸುಮಾರು 12 ಗ್ರಾಂ. 210 ಗುಂಡಿಗೆ ಎರಡೂವರೆ ಕಿಲೋ. 7.62×51 ಆದರೆ ಅದರ ಎರಡು ಪಟ್ಟು, ಐದು ಕಿಲೋ.

ಅಮೆರಿಕದಲ್ಲಿ ಈಗ ನಡೆದಿರುವ ಜಗಳವೂ ಇದೇ. ಅಲ್ಲಿನ ಸೇನೆ 2022ರಲ್ಲಿ 6.8×51 ಗುಂಡಿನ ಹೊಸ ರೈಫಲ್ ಆರಿಸಿತು. ಈಗ ಅದರ ಹೆಸರು ಎಂ7. ಎದೆಕವಚ ಸೀಳಬೇಕು, ದೂರಕ್ಕೂ ಮುಟ್ಟಬೇಕು ಎಂಬುದು ಉದ್ದೇಶ. ಅದಕ್ಕೆ ಕೇಸಿನೊಳಗಿನ ಒತ್ತಡ ಎಷ್ಟು ಏರಿತೆಂದರೆ ಬರೀ ಹಿತ್ತಾಳೆ ಸಾಲದೆ ಬುಡಕ್ಕೆ ಉಕ್ಕು ಕೂಡಿಸಬೇಕಾಯಿತು. ರೈಫಲ್‌ಗೆ ಸಿಕ್ಕಿಸುವ ಗುಂಡಿನ ಡಬ್ಬಿ, ಅಂದರೆ ಮ್ಯಾಗಜಿನ್‌ನಲ್ಲಿ 30ರ ಬದಲು 20 ಗುಂಡು. ಏಳು ಮ್ಯಾಗಜಿನ್ ಹೊತ್ತವನ ಬಳಿ ಮೊದಲು 210 ಗುಂಡು ಇರುತ್ತಿತ್ತು, ಈಗ 140. ರೈಫಲ್ಲೂ ಹಳೆಯ ಎಂ4ಗಿಂತ ಭಾರ. ಗುಂಡು ಹೆಚ್ಚಿಗೆ ತಾಕಿದರೂ ಬೇಗ ಮುಗಿದರೆ ಏನು ಬಂತು ಎಂದು ಒಬ್ಬರು, ಕವಚ ಸೀಳದ ಗುಂಡು ಎಷ್ಟಿದ್ದರೇನು ಎಂದು ಇನ್ನೊಬ್ಬರು. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ನನಗೆ ಕಾಡುವುದು ಅಭ್ಯಾಸದ ಖರ್ಚು. ಗುಂಡು ದುಬಾರಿಯಾದರೆ ಫೈರಿಂಗ್ ರೇಂಜ್‌ನಲ್ಲಿ ಹುಡುಗರಿಗೆ ಸಿಗುವುದೇ ಕಡಿಮೆ ಆಗುತ್ತದೆ. ಗುರಿ ಕಲಿಯುವುದು ಹೇಗೆ?

ನಮ್ಮಲ್ಲಿ 2019ರಲ್ಲಿ 72,400 ಸಿಗ್ 716 ತರಿಸಿದರು. 2024ರಲ್ಲಿ ಇನ್ನೂ 73,000ಕ್ಕೆ ಸುಮಾರು 837 ಕೋಟಿ ರೂಪಾಯಿಯ ಒಪ್ಪಂದ. ಒಂದಕ್ಕೆ ಹೆಚ್ಚುಕಡಿಮೆ 1.15 ಲಕ್ಷ. ಅದು ಒಂದು ಸಲದ ಖರ್ಚು, ಗುಂಡು ಮಾತ್ರ ವರ್ಷವರ್ಷ ಬೇಕು. ಇಲ್ಲಿ ಕ್ಯಾಲಿಬರ್ ನಮ್ಮ ಕೈಹಿಡಿಯುತ್ತದೆ, ಅಳತೆ ನಮಗೆ ಹೊಸದಲ್ಲ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ಹಿಂದೆ ತರಬೇತಿ ಪಡೆದ ಹಿರಿಯರನ್ನು ಕೇಳಿ. ಅವರಿಗೆ ಸಿಗ್ ಹೊಸದು. 7.62×51 ಮಾತ್ರ ಅವರು ಹೆಗಲಿಗೆ ಹಾಕಿಕೊಂಡಿದ್ದ ಸೇನೆಯ ಹಳೆಯ ರೈಫಲ್ ಎಸ್‌ಎಲ್‌ಆರ್‌ನ ಅಳತೆಯೇ.