ಯಾವ ಪುಟದಲ್ಲಿ ನಿಂತೆ?

ಆಪ್ತ ಸಮಾಲೋಚನೆಗೆ ಬರುವ ಹದಿಹರೆಯದ ಹುಡುಗಿಯರು ತಮ್ಮ ವಿಷಯಕ್ಕಿಂತ ಮೊದಲು ಓದಿದ ಪುಸ್ತಕದ ವಿಷಯ ತೆಗೆಯುವುದುಂಟು. ಅದು ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಯಾಗಿದ್ದರೆ ಎದುರಿಗಿದ್ದವರ ನಾಲಿಗೆಯ ತುದಿಗೆ ಬರುವುದು ಒಂದೇ ಪ್ರಶ್ನೆ: 'ಹಾಗಾದರೆ ನೀನೂ ಹಾಗೆಯೇ?' ನಾನು ಅದನ್ನು ಕೇಳುವುದಿಲ್ಲ. ಕಥೆಯ ಯಾವ ಜಾಗ ನಿನ್ನನ್ನು ಹಿಡಿದು ನಿಲ್ಲಿಸಿತು ಎಂದು ಕೇಳುತ್ತೇನೆ.

ಮಲಿಂಡಾ ಲೋ ಅವರ 'ಲಾಸ್ಟ್ ನೈಟ್ ಅಟ್ ದ ಟೆಲಿಗ್ರಾಫ್ ಕ್ಲಬ್' ಕಾದಂಬರಿಯನ್ನೇ ನೋಡಿ. 2021ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಕೃತಿ. 1954ರ ಸ್ಯಾನ್ ಫ್ರಾನ್ಸಿಸ್ಕೊ, ಅಲ್ಲಿನ ಚೀನೀಯರ ಬಡಾವಣೆ ಚೈನಾಟೌನ್, ಹದಿನೇಳರ ಹುಡುಗಿ ಲಿಲಿ ಹು. ಗಂಡುವೇಷದಲ್ಲಿ ಹಾಡುವ ಟಾಮಿ ಆಂಡ್ರ್ಯೂಸ್‌ಳ ಜಾಹೀರಾತನ್ನು ಪತ್ರಿಕೆಯಿಂದ ಕತ್ತರಿಸಿ ಬಚ್ಚಿಟ್ಟುಕೊಳ್ಳುತ್ತಾಳೆ. ಅಂಗಡಿಯೊಂದರಲ್ಲಿ ಇಬ್ಬರು ಹೆಂಗಸರ ಪ್ರೇಮದ ಅಗ್ಗದ ಕಾದಂಬರಿ ಕಣ್ಣಿಗೆ ಬಿದ್ದಾಗ ಯಾರಿಗೂ ಕಾಣದಂತೆ ನಿಂತು ಓದುತ್ತಾಳೆ. ತನ್ನೊಳಗಿನದು ತನ್ನೊಬ್ಬಳದೇ ಅಲ್ಲ ಎಂಬುದಕ್ಕೆ ಅವಳಿಗೆ ಸಿಗುವ ಮೊದಲ ಸಾಕ್ಷಿಗಳು ಇವೇ.

ಪ್ರೇಮದ ಪುಟಗಳಲ್ಲೇ ಓದುಗರು ತಮ್ಮನ್ನು ಕಂಡುಕೊಳ್ಳುತ್ತಾರೆ ಎಂದು ಭಾವಿಸಬೇಡಿ. ಲಿಲಿಯ ಅಪ್ಪ ವೈದ್ಯ. ಅಮೆರಿಕ ಸರ್ಕಾರ ಕಮ್ಯುನಿಸ್ಟರನ್ನು ಶಂಕೆಯಿಂದ ಕಾಣುತ್ತಿದ್ದ ಕಾಲವದು. ತನ್ನ ರೋಗಿಯೊಬ್ಬ ಕಮ್ಯುನಿಸ್ಟ್ ಎಂದು ಬರೆದುಕೊಡಲು ಒಪ್ಪದ ಕಾರಣಕ್ಕೆ ಅವರ ಪೌರತ್ವದ ಕಾಗದಗಳು ಸರ್ಕಾರದ ವಶವಾಗಿವೆ. ಹಾಗಾಗಿ ಮಗಳ ಗುಟ್ಟು ಬಯಲಾದರೆ ಏಟು ಬೀಳುವುದು ಇಡೀ ಮನೆಗೆ. 'ನನ್ನಿಂದ ಮನೆಯವರ ಮಾನ ಹೋದರೆ?' ಎಂಬ ಭಯವನ್ನು ಉಂಡು ಬೆಳೆದ ನಮ್ಮ ಹುಡುಗಿಗೆ ಆ ಚೈನಾಟೌನ್ ದೂರದ ಊರಲ್ಲ. ಇನ್ನೊಬ್ಬಳಿಗೆ ತಟ್ಟುವುದು ಲಿಲಿಯ ರಾಕೆಟ್ ಹುಚ್ಚು ಇರಬಹುದು, ಬಾಲ್ಯದ ಗೆಳತಿ ದೂರವಾಗುವ ನೋವಿರಬಹುದು. ಪುಸ್ತಕ ತಟ್ಟಿತು ಎಂಬುದರಿಂದ ಓದಿದವಳ ಒಲವು ಯಾರ ಕಡೆಗೆಂದು ತೀರ್ಮಾನಿಸುವ ಹಕ್ಕು ನಮಗಿಲ್ಲ. ಅವಳು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಅಷ್ಟೇ.

ಹೇಳಿದ ಮೇಲೆ 'ಸರಿಪಡಿಸಿ' ಎಂದು ವೈದ್ಯರ ಬಳಿ ಎಳೆದೊಯ್ಯುವವರು ಈಗಲೂ ಇದ್ದಾರೆ. ಸಲಿಂಗ ಒಲವು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಒಲವು ಬದಲಿಸುವ 'ಚಿಕಿತ್ಸೆ' ನೀಡುವುದು ವೃತ್ತಿ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ.

ಪುಸ್ತಕವನ್ನು ಕಸಿದಿಡಬೇಕೇ ಎಂದು ಕೇಳುವ ತಾಯಂದಿರಿಗೆ ನನ್ನ ಉತ್ತರ ಒಂದೇ: ನೀವೂ ಓದಿ. ಈ ಮನೆಯಲ್ಲಿ ಇಂಥದ್ದು ಇರಲು ಸಾಧ್ಯವೇ ಇಲ್ಲವೆನ್ನುವ ಲಿಲಿಯ ತಾಯಿಯ ಪುಟಗಳು ನಿಮ್ಮನ್ನು ಹಿಡಿದು ನಿಲ್ಲಿಸಬಹುದು. ಮಗಳು ಗೆರೆ ಎಳೆದ ಸಾಲುಗಳ ಬಗ್ಗೆ ವಿಚಾರಣೆ ಬೇಡ. ನಿಮಗೆ ತಟ್ಟಿದ್ದು ಯಾವುದೆಂದು ಮೊದಲು ನೀವೇ ಅವಳಿಗೆ ಹೇಳಿ.