ಹಾಲ್‌ನಲ್ಲಿ ಹಾರುವ ವಿಮಾನ: ಮೊದಲು ತೂಕ ಕೇಳಿ, ಆಮೇಲೆ ಬಣ್ಣ ನೋಡಿ

ಬೀದರ್‌ನ ಮಕ್ಕಳಿಗೆ ವಿಮಾನ ಹೊಸದಲ್ಲ. ಇಲ್ಲಿನ ಏರ್‌ಫೋರ್ಸ್ ಸ್ಟೇಷನ್‌ನಲ್ಲಿ ಹಾಕ್ ಜೆಟ್‌ಗಳ ತರಬೇತಿ ನಡೆಯುತ್ತದೆ. ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ನೆಲೆಯೂ ಇದೇ. ಕೆಂಪು-ಬಿಳಿ ಬಣ್ಣದ 9 ಜೆಟ್‌ಗಳು ಒಟ್ಟಿಗೆ ಹೋಗುವುದನ್ನು ನೋಡಿದ ಹುಡುಗರು ಏರೋಮಾಡೆಲಿಂಗ್ (ರಿಮೋಟ್‌ನಿಂದ ಹಾರುವ ಪುಟ್ಟ ವಿಮಾನಗಳ) ಕ್ಲಾಸಿಗೆ ಬಂದಾಗ ಕೇಳುವುದೂ ಅಂಥದ್ದನ್ನೇ. ಜೊತೆಗೆ ಬಂದ ಅಪ್ಪಂದಿರ ಪ್ರಶ್ನೆ ಬೇರೆ: "ಸರ್, ಇದು ಮನ್ಯಾಗ ಹಾರ್ತದ ಏನ್ರಿ?"

ಜೆಟ್ ಆಕಾರದ್ದು ಮನೆಯೊಳಗೆ ಹಾರುವುದಿಲ್ಲ. ಹಾರಿದರೂ ಎದುರಿನ ಗೋಡೆವರೆಗೆ ಅಷ್ಟೇ. ಚಿಕ್ಕ ರೆಕ್ಕೆಯ ವಿಮಾನ ಜೋರಾಗಿ ಹೋದರೆ ಮಾತ್ರ ಮೇಲೆ ನಿಲ್ಲುತ್ತದೆ. ಒಳಗೆ ಹಾರಿಸಲು ಬೇಕಾದದ್ದು ನಿಧಾನ. ನಿಧಾನವಾಗಿ ಹಾರಬೇಕು ಅಂದರೆ ಅಗಲ ರೆಕ್ಕೆ ಬೇಕು, ತೂಕ ತೀರಾ ಕಡಿಮೆ ಇರಬೇಕು. ಉಳಿದದ್ದೆಲ್ಲ ಆಮೇಲೆ.

ಒಂದು ಲೆಕ್ಕ ಹಾಕೋಣ. ಬ್ಯಾಡ್ಮಿಂಟನ್ ಕೋರ್ಟ್ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ವಿಮಾನವನ್ನು 30 ಡಿಗ್ರಿ ವಾಲಿಸಿ ಸುತ್ತು ಹೊಡೆಸುತ್ತೀರಿ ಎಂದುಕೊಳ್ಳಿ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿದ್ದರೆ ಆ ಸುತ್ತಿಗೆ ಸುಮಾರು ಒಂದೂವರೆ ಮೀಟರ್ ಅಗಲದ ಜಾಗ ಸಾಕು. ಅದೇ 4 ಮೀಟರ್ ವೇಗವಾದರೆ ಹತ್ತಿರ ಹತ್ತಿರ 6 ಮೀಟರ್, ಅಂದರೆ ಕೋರ್ಟಿನ ಪೂರ್ತಿ ಅಗಲ. ವೇಗ ಎರಡು ಪಟ್ಟು ಆದರೆ ಜಾಗ ನಾಲ್ಕು ಪಟ್ಟು ಬೇಕು. 6 ಮೀಟರ್ ವೇಗದ್ದನ್ನು ತಂದರೆ 13 ಮೀಟರ್ ಅಗಲದ ಜಾಗ ಹುಡುಕಬೇಕು. ಕಲಿಯುವವರ ಕೈಯಲ್ಲಿ ಸುತ್ತು ಯಾವಾಗಲೂ ಲೆಕ್ಕಕ್ಕಿಂತ ದೊಡ್ಡದೇ ಆಗುತ್ತದೆ.

ಹಾಗಾದರೆ ಡಬ್ಬಿ ನೋಡಿ ತಿಳಿಯುವುದು ಹೇಗೆ? ಬ್ಯಾಟರಿ ಸೇರಿ ಎಷ್ಟು ಗ್ರಾಂ ಎಂದು ಕೇಳಿ. ರೆಕ್ಕೆಯ ಉದ್ದ, ಅಗಲ ಅಳೆದು ಚದರ ಡೆಸಿಮೀಟರ್ ಲೆಕ್ಕ ಹಾಕಿ. 40 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ರೆಕ್ಕೆ ಅಂದರೆ 4 ಚದರ ಡೆಸಿಮೀಟರ್. ವಿಮಾನ 20 ಗ್ರಾಂ ಇದ್ದರೆ ಒಂದು ಚದರ ಡೆಸಿಮೀಟರಿಗೆ 5 ಗ್ರಾಂ ಬಿತ್ತು. ನಾನು ಹೇಳುವುದು ಇಷ್ಟು: 5 ಗ್ರಾಂ ಒಳಗಿದ್ದರೆ ಶಾಲೆಯ ಹಾಲ್‌ಗೆ ತನ್ನಿ. 10ರವರೆಗೆ ಇದ್ದರೆ ದೊಡ್ಡ ಒಳಾಂಗಣ ಕ್ರೀಡಾಂಗಣ ಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಡಬ್ಬಿ ಮೇಲೆ 'ಇಂಡೋರ್' ಎಂದು ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ನಂಬಬೇಡಿ. ಹಗುರ ಅಂದರೆ ಏನು ಎನ್ನುವುದಕ್ಕೆ ವೇಪರ್ ಎಂಬ ಮಾಡೆಲ್ ಒಳ್ಳೆಯ ಉದಾಹರಣೆ. ಕಾರ್ಬನ್ ಕಡ್ಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಾರೆ, ಒಟ್ಟು ತೂಕ ಸುಮಾರು 15 ಗ್ರಾಂ. ನೋಡಲು ವಿಮಾನಕ್ಕಿಂತ ಸೊಳ್ಳೆಯೇ ವಾಸಿ ಅನ್ನಿಸುತ್ತದೆ. ಆದರೆ ನೀವು ನಡೆದುಕೊಂಡು ಹೋದಷ್ಟು ನಿಧಾನಕ್ಕೂ ಹಾರುವ ಜಾತಿ ಅದು.

ಚಾನೆಲ್ (ರಿಮೋಟ್‌ನಿಂದ ಬೇರೆಯಾಗಿ ನಿಯಂತ್ರಿಸಬಹುದಾದ ಒಂದೊಂದು ಕೆಲಸ) ವಿಷಯಕ್ಕೆ ಬಂದರೆ, ಎರಡು ಚಾನೆಲ್‌ನ ಅಗ್ಗದ ವಿಮಾನಗಳಲ್ಲಿ ರೆಕ್ಕೆಗೊಂದರಂತೆ ಎರಡು ಮೋಟಾರ್ ಇರುತ್ತವೆ. ಒಂದನ್ನು ನಿಧಾನ ಮಾಡಿ ಆ ಕಡೆಗೆ ತಿರುಗಿಸುವುದು. ಏರಲು, ಇಳಿಯಲು ಥ್ರಾಟಲ್ (ಮೋಟಾರ್ ವೇಗ ಹೆಚ್ಚು ಕಡಿಮೆ ಮಾಡುವುದು) ಒಂದೇ ಗತಿ. ಮಕ್ಕಳಿಗೆ ಖುಷಿ, ಆದರೆ ಹಾರಿಸುವುದು ಕಲಿತ ಹಾಗಾಗುವುದಿಲ್ಲ. ಮೂರು ಚಾನೆಲ್‌ನದು ತೆಗೆದುಕೊಳ್ಳಿ: ಥ್ರಾಟಲ್, ಮೂಗು ಏರಿಸಿ ಇಳಿಸುವ ಎಲಿವೇಟರ್, ಎಡ ಬಲಕ್ಕೆ ತಿರುಗಿಸುವ ಬಾಲದ ರಡ್ಡರ್. ರೆಕ್ಕೆ ಎರಡೂ ಕಡೆ ಸ್ವಲ್ಪ ಮೇಲಕ್ಕೆ ಬಾಗಿದ್ದರೆ ರಡ್ಡರ್ ಒಂದರಲ್ಲೇ ಚೆನ್ನಾಗಿ ತಿರುಗುತ್ತದೆ. ನಾಲ್ಕನೆಯ ಚಾನೆಲ್, ಅಂದರೆ ವಿಮಾನವನ್ನು ವಾಲಿಸುವ ಏಲೆರಾನ್, ಈಗಲೇ ಬೇಡ. ವಾಲಿದ್ದನ್ನು ಗುರುತಿಸಿ ತಾನೇ ಸರಿಪಡಿಸುವ ಗೈರೋ ಇದ್ದರೆ ಒಳ್ಳೆಯದು. ಆದರೆ ಬ್ಯಾಟರಿ ಜೋಡಿಸಿದ ಕೂಡಲೇ ವಿಮಾನವನ್ನು ಸಮತಟ್ಟಾದ ಜಾಗದಲ್ಲಿ ಅಲುಗಾಡದಂತೆ ಕೆಲವು ಸೆಕೆಂಡ್ ಇಡಬೇಕು. ಕೈಯಲ್ಲಿ ಅಲ್ಲಾಡಿಸುತ್ತಾ ಜೋಡಿಸಿದರೆ ಗೈರೋ ವಾಲಿದ್ದನ್ನೇ ನೇರ ಅಂದುಕೊಳ್ಳಬಹುದು.

ಇನ್ನೊಂದು ಎಚ್ಚರ. 'ಬೈಂಡ್ ಅಂಡ್ ಫ್ಲೈ' ಎಂದು ಬರೆದ ಡಬ್ಬಿಯಲ್ಲಿ ರಿಮೋಟ್ ಇರುವುದಿಲ್ಲ. 'ರೆಡಿ ಟು ಫ್ಲೈ' ಎಂದಿದ್ದರೆ ಇರುತ್ತದೆ. ಬೆಲೆ ಕಡಿಮೆ ಅಂತ ಮೊದಲನೆಯದನ್ನು ತರಿಸಿಕೊಂಡು ಪೆಚ್ಚುಮೋರೆ ಹಾಕಿದವರನ್ನು ನೋಡಿದ್ದೇನೆ.

ಹಾಲ್ ಸಿಕ್ಕಿತು ಅನ್ನಿ. ನಮ್ಮ ಕಡೆ ದೊಡ್ಡ ಶತ್ರು ಫ್ಯಾನ್. ಫ್ಯಾನಿನ ರೆಕ್ಕೆ ತಗುಲಿದರೆ ವಿಮಾನ ಪುಡಿಯಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ತಗುಲದಿದ್ದರೂ ತೊಂದರೆಯೇ. ಫ್ಯಾನ್ ನಡುವೆ ಗಾಳಿಯನ್ನು ಕೆಳಗೆ ತಳ್ಳುತ್ತದೆ, ಆ ಗಾಳಿ ನೆಲಕ್ಕೆ ಬಡಿದು ಗೋಡೆಗುಂಟ ಮೇಲೇರುತ್ತದೆ. 15 ಗ್ರಾಂ ವಿಮಾನ ನಡುವೆ ದಡಕ್ಕನೆ ಕುಸಿಯುತ್ತದೆ, ಗೋಡೆ ಹತ್ತಿರ ಏರುತ್ತದೆ. ಹುಡುಗ ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾನೆ. ಕೂಲರ್ ಇನ್ನೂ ಕೆಟ್ಟದ್ದು, ಒಂದೇ ಕಡೆಯಿಂದ ನೂಕುತ್ತದೆ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಫ್ಯಾನ್, ಕೂಲರ್ ಎರಡನ್ನೂ ಆಫ್ ಮಾಡಿ ಕಿಟಕಿ ಮುಚ್ಚಿ ಎಂದರೆ ಯಾರು ಕೇಳುತ್ತಾರೆ, ಕಲಬುರಗಿಯಲ್ಲಂತೂ ಸುಮ್ನೆ ಮಾತು ಬಿಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಹಾರಿಸಿ. ನವೆಂಬರ್‌ನಿಂದ ಜನವರಿ ನಮ್ಮ ನಿಜವಾದ ಸೀಸನ್.

ಮೈದಾನಕ್ಕೇ ಹೋದರಾಯಿತು ಎನ್ನುವವರಿಗೆ ಎರಡು ಮಾತು. ಇಷ್ಟು ಹಗುರದ್ದು ಸಣ್ಣ ಗಾಳಿಗೂ ಕೈಬಿಟ್ಟು ಹೋಗುತ್ತದೆ. ಮೇಲಾಗಿ ಇದು ಏರ್‌ಫೋರ್ಸ್ ನೆಲೆ ಇರುವ ಊರು. ರಿಮೋಟ್‌ನಿಂದ ಹಾರುವ ಯಾವುದನ್ನೇ ಆಗಲಿ ಬಯಲಲ್ಲಿ ಹಾರಿಸುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆಯಲ್ಲಿ ಆ ಜಾಗ ಕೆಂಪೋ, ಹಳದಿಯೋ, ಹಸಿರೋ ನೋಡಿಕೊಳ್ಳಿ. ಕೆಂಪಿದ್ದರೆ ಹಾರಿಸುವ ಮಾತೇ ಇಲ್ಲ.

ಹಾರಿಸುವ ಮುಂಚೆ ತೂಕದ ಸಮತೋಲ ನೋಡಿ. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಬೆರಳಿಟ್ಟು ಎತ್ತಿದರೆ ವಿಮಾನ ಸಮನಾಗಿ ನಿಲ್ಲಬೇಕು. ಮೂಗು ಸ್ವಲ್ಪ ಭಾರವಿದ್ದರೆ ಹೇಗೋ ಹಾರುತ್ತದೆ. ಬಾಲ ಭಾರವಾದರೆ ಹತೋಟಿಗೇ ಸಿಗುವುದಿಲ್ಲ. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಸರಿ ಮಾಡಿ.

ಕೈಯಿಂದ ಬಿಡುವಾಗ ಮೇಲಕ್ಕೆ ಎಸೆಯಬೇಡಿ, ನೆಲಕ್ಕೆ ಸಮನಾಗಿ ಮೆಲ್ಲಗೆ ಮುಂದಕ್ಕೆ ಬಿಡಿ. ಮೂಗು ಮೇಲೆತ್ತಿ ಎಸೆದರೆ ವೇಗ ಸತ್ತು ಅಲ್ಲೇ ಬೀಳುತ್ತದೆ. ಹೊಸಬರು ರಿಮೋಟ್‌ನ ಸ್ಟಿಕ್ ಅನ್ನು ಪೂರ್ತಿ ಒಂದು ಕಡೆಗೆ ತಳ್ಳುತ್ತಾರೆ, ಆಮೇಲೆ ಗಾಬರಿಯಾಗಿ ಪೂರ್ತಿ ಇನ್ನೊಂದು ಕಡೆಗೆ. ಸ್ವಲ್ಪ ತಳ್ಳಿ, ಬಿಟ್ಟು, ವಿಮಾನ ಏನು ಮಾಡುತ್ತದೆ ನೋಡಿ. ವಿಮಾನ ನಿಮ್ಮ ಕಡೆಗೇ ಬರುವಾಗ ಎಡ ಬಲ ಅದಲು ಬದಲಾಗುತ್ತದೆ, ಎಲ್ಲರೂ ಗೋಡೆಗೆ ಹೊಡೆಯುವುದು ಆಗಲೇ. ಆಗ ಎಡ ಯಾವುದು, ಬಲ ಯಾವುದು ಎಂದು ಯೋಚಿಸಬೇಡಿ. ಯಾವ ರೆಕ್ಕೆ ಕೆಳಗೆ ಇಳಿದಿದೆಯೋ ಆ ಕಡೆಗೆ ಸ್ಟಿಕ್ ತಳ್ಳಿ. ಬಿದ್ದೇ ಬೀಳುತ್ತದೆ ಎಂದಾಗ ಮೊದಲು ಥ್ರಾಟಲ್ ಸೊನ್ನೆಗೆ ತನ್ನಿ. ಪ್ರೊಪೆಲ್ಲರ್ ಸಿಕ್ಕಿಕೊಂಡು ಮೋಟಾರ್ ತಿರುಗಲು ಒದ್ದಾಡಿದರೆ ಆ ಪುಟ್ಟ ಮೋಟಾರ್ ಸುಡಲು ಜಾಸ್ತಿ ಹೊತ್ತು ಬೇಡ.

ಇವುಗಳಲ್ಲಿ ಸಾಮಾನ್ಯವಾಗಿ ಒಂದೇ ಸೆಲ್‌ನ ಲೀಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಇರುತ್ತದೆ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. 150 ಎಂಎಎಚ್ ಬ್ಯಾಟರಿಯನ್ನು 150 ಮಿಲಿಆಂಪ್‌ನಲ್ಲಿ ಚಾರ್ಜ್ ಮಾಡಿದರೆ ಒಂದು ಗಂಟೆ ಮೇಲೆ ಹಿಡಿಯುತ್ತದೆ, ಅವಸರ ಬೇಡ. ಹಾರಿಸಿದ ಬಿಸಿ ಆರಲಿ, ಆಮೇಲೆ ಚಾರ್ಜಿಗೆ ಹಾಕಿ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಲ್ಲಿ ಇಡಲೇಬೇಡಿ. ಉಬ್ಬಿದ್ದನ್ನು ಮತ್ತೆ ಬಳಸಬೇಡಿ. ವಾರಗಟ್ಟಲೆ ಹಾರಿಸುವುದಿಲ್ಲ ಎಂದರೆ 3.8 ವೋಲ್ಟ್ ಆಸುಪಾಸಿನಲ್ಲಿ ಬಿಟ್ಟು ತಂಪಾದ ಜಾಗದಲ್ಲಿಡಿ.

ರಿಪೇರಿ ಮನೆಯಲ್ಲೇ ಆಗುತ್ತದೆ. ಥರ್ಮೋಕೋಲ್ ರೆಕ್ಕೆಗೆ ಮಾತ್ರ ಫೆವಿಕ್ವಿಕ್ ಹಾಕಬೇಡಿ, ಅದು ಥರ್ಮೋಕೋಲನ್ನೇ ಕರಗಿಸುತ್ತದೆ. ಫೆವಿಕಾಲ್ ತೆಳ್ಳಗೆ ಹಚ್ಚಿ ರಾತ್ರಿಯಿಡೀ ಒಣಗಲು ಬಿಡಿ. ಸೆಲೋಟೇಪ್ ಸುತ್ತುವ ಚಟ ಬೇಡ. ತೂಕ ಹೆಚ್ಚಿದಷ್ಟೂ ಜೋರಾಗಿ ಹಾರಬೇಕಾಗುತ್ತದೆ; ತೂಕ ಎರಡು ಪಟ್ಟಾದರೆ ಸುತ್ತು ಹೊಡೆಯುವ ಜಾಗವೂ ಎರಡು ಪಟ್ಟು ಬೇಕು. ಗ್ರಾಂನ ಹತ್ತನೇ ಭಾಗ ತೋರಿಸುವ ಚಿಕ್ಕ ತಕ್ಕಡಿಯೊಂದನ್ನು ಕೊಂಡುಕೊಳ್ಳಿ. ಹೊಸದಾಗಿದ್ದಾಗಿನ ತೂಕವನ್ನು ಡಬ್ಬಿ ಮೇಲೆ ಬರೆದಿಡಿ, ಪ್ರತಿ ರಿಪೇರಿ ಆದಮೇಲೂ ತೂಗಿ. 15 ಗ್ರಾಂ ಇದ್ದದ್ದು 18 ಆಗಿದ್ದರೆ ಹಳೇ ಟೇಪ್ ಕಿತ್ತು, ಬೆರಳಿನ ಮೇಲೆ ಸಮತೋಲ ಇನ್ನೊಮ್ಮೆ ನೋಡಿ, ಆಮೇಲೆ ಹಾರಿಸಿ.